ಉಮ್ಮನ ಮಾತ್ರೆ ನಿಂತಾಗ ಮನೆ ಎದ್ದು ನಿಲ್ಲಬೇಕು

ನಮ್ಮ ಮನೆಗಳಲ್ಲಿ ಆಪರೇಷನ್ ಅಂದರೆ ಎಲ್ಲರೂ ಓಡಿ ಬರುತ್ತಾರೆ. ಗಲ್ಫಿನಲ್ಲಿರುವ ಮಗ ರಜೆ ಕೇಳುತ್ತಾನೆ, ತವರಿನವರು ಬಂದು ನಾಲ್ಕು ದಿನ ಉಳಿಯುತ್ತಾರೆ, ರಕ್ತ ಕೊಡಲು ಹುಡುಗರು ಬೈಕಿನಲ್ಲಿ ಬರುತ್ತಾರೆ, ಆಸ್ಪತ್ರೆಗೆ ಚಾಯದ ಫ್ಲಾಸ್ಕು, ಗಂಜಿಯ ಪಾತ್ರೆ ಹೋಗುತ್ತಲೇ ಇರುತ್ತವೆ. ಥೈರಾಯ್ಡ್ ಕ್ಯಾನ್ಸರಿಗೆ ಆಪರೇಷನ್ ಆದ ಹೆಂಗಸಿಗೂ ಇದೆಲ್ಲ ಸಿಗುತ್ತದೆ. ಆದರೆ ಆಮೇಲೊಂದು ದಿನ ಸ್ಕ್ಯಾನಿಗಾಗಿ ಆಕೆಯ ಥೈರಾಯ್ಡ್ ಮಾತ್ರೆಯನ್ನು ಮೂರು ನಾಲ್ಕು ವಾರ ನಿಲ್ಲಿಸಿದಾಗ ಯಾರೂ ಬರುವುದಿಲ್ಲ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ವಾರ್ಡಿಗೆ ಸೇರಿಸುವುದಿಲ್ಲ. "ಮಾತ್ರೆ ತಿನ್ನದೆ ಇರುವುದು ತಾನೆ, ಅದಕ್ಕೇನು" ಅನ್ನುತ್ತಾರೆ.

ಅದಕ್ಕೇನು ಎಂದು ನಾಲ್ಕನೆಯ ವಾರ ಗೊತ್ತಾಗುತ್ತದೆ. ಆಪರೇಷನ್ನಿನ ವಾರದಲ್ಲಿ ನೋಡಿಕೊಳ್ಳಲು ನರ್ಸ್ ಇರುತ್ತಾರೆ, ಡಾಕ್ಟರ್ ಇರುತ್ತಾರೆ. ಮಾತ್ರೆ ನಿಂತ ವಾರಗಳಲ್ಲಿ ಇರುವುದು ಮನೆಯವರು ಮಾತ್ರ. ಹಾಗಾಗಿ ಇದು ಆಪರೇಷನ್ನಿಗಿಂತ ಹೆಚ್ಚಾಗಿ ಮನೆಯವರು ತಯಾರಾಗಬೇಕಾದ ಸಮಯ ಎಂಬುದು ನನ್ನ ಅಭಿಪ್ರಾಯ. ಹೇಗೆ ತಯಾರಾಗಬೇಕು ಎಂಬುದನ್ನೂ ಇಲ್ಲಿ ಬರೆಯುತ್ತೇನೆ. ನನ್ನ ಉಮ್ಮನಿಗೆ ಹೀಗೆ ಮಾತ್ರೆ ನಿಲ್ಲಿಸಿದ್ದರು. ಬರೆಯಲು ಅವರ ಒಪ್ಪಿಗೆ ಇದೆ. "ಬೇರೆ ಹೆಂಗಸರಿಗೆ ಉಪಕಾರ ಆಗುವುದಾದರೆ ಬರಿ" ಎಂದರು.

ಮೊದಲು ಒಂದು ಎಚ್ಚರಿಕೆ. ಥೈರಾಯ್ಡ್ ಮಾತ್ರೆ ತಿನ್ನುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಗ್ರಂಥಿ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ದಿನಾ ಬೆಳಿಗ್ಗೆ ಒಂದು ಮಾತ್ರೆ ತಿನ್ನುವವರು ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಕುತ್ತಿಗೆಯ ಅಲ್ಟ್ರಾಸೌಂಡಿಗೆ ಮಾತ್ರೆ ನಿಲ್ಲಿಸಬೇಕಾಗಿಲ್ಲ, ಎಂಆರ್‌ಐಗೂ ಬೇಕಾಗಿಲ್ಲ. ನಾನು ಹೇಳುತ್ತಿರುವುದು ವಿಕಿರಣ ಅಯೋಡಿನ್ ಕೊಟ್ಟು ಮಾಡುವ ಇಡೀ ದೇಹದ ಸ್ಕ್ಯಾನಿನ ಬಗ್ಗೆ. ಥೈರಾಯ್ಡ್ ಕ್ಯಾನ್ಸರಿಗೆ ಗ್ರಂಥಿ ತೆಗೆದ ಮೇಲೆ, ಅದರ ಜೀವಕೋಶಗಳು ಎಲ್ಲಾದರೂ ಉಳಿದಿವೆಯೇ ಎಂದು ನೋಡಲು ಇದನ್ನು ಮಾಡುತ್ತಾರೆ. ಇದಕ್ಕೂ ಸಹ ಡಾಕ್ಟರ್ ತಾರೀಕು ಹಾಕಿ ಬರೆದು ಕೊಟ್ಟರೆ ಮಾತ್ರ ಮಾತ್ರೆ ನಿಲ್ಲಿಸುವುದು. ಇನ್ನೊಂದು ಮಾತು: ನಿಲ್ಲಿಸುವುದು ಥೈರಾಯ್ಡ್ ಮಾತ್ರೆಯನ್ನು ಮಾತ್ರ. ಗ್ರಂಥಿ ತೆಗೆದ ಮೇಲೆ ಕೆಲವರಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆಯೂ ಇರುತ್ತದೆ. "ಮಾತ್ರೆ ನಿಲ್ಲಿಸಿ" ಎಂದು ಕೇಳಿ ಡಬ್ಬಿಯನ್ನೇ ಎತ್ತಿಟ್ಟರೆ ಕೈಕಾಲು ಜುಮ್ಮೆನ್ನುತ್ತದೆ, ಬೆರಳು ಸೆಟೆದುಕೊಳ್ಳುತ್ತದೆ, ಅಪಾಯವೂ ಆಗಬಹುದು. ಯಾವುದು ನಿಲ್ಲಬೇಕು, ಯಾವುದು ಮುಂದುವರಿಯಬೇಕು ಎಂದು ಹೆಸರು ಹಿಡಿದು ಕೇಳಿಕೊಂಡು ಬರಬೇಕು.

ಯಾಕೆ ನಿಲ್ಲಿಸುತ್ತಾರೆ ಎಂದು ಮನೆಯವರಿಗೆ ಅರ್ಥವಾದರೆ ಅರ್ಧ ಜಗಳ ಕಡಿಮೆಯಾಗುತ್ತದೆ. ನಾನು ಕಲಿತದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಹಾಗಾಗಿ ನನಗೆ ಅರ್ಥವಾದ ರೀತಿಯಲ್ಲೇ ಹೇಳುತ್ತೇನೆ. ತೋಟದ ಡೀಸೆಲ್ ಪಂಪಿಗೆ ಗವರ್ನರ್ ಎಂಬ ಒಂದು ಭಾಗ ಇದೆ. ಎಂಜಿನ್ನಿನ ವೇಗ ಇಳಿದರೆ ಅದು ಹೆಚ್ಚು ಎಣ್ಣೆ ಬಿಡುತ್ತದೆ, ವೇಗ ಏರಿದರೆ ಕಡಿಮೆ ಮಾಡುತ್ತದೆ. ನಮ್ಮ ತಲೆಯೊಳಗೆ ಪಿಟ್ಯುಟರಿ ಎಂಬ ಗ್ರಂಥಿ ಥೈರಾಯ್ಡಿಗೆ ಗವರ್ನರ್ ಇದ್ದ ಹಾಗೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಅದು ಟಿಎಸ್ಎಚ್ ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚು ಬಿಡುತ್ತದೆ, "ಕೆಲಸ ಮಾಡು" ಎಂದು ಥೈರಾಯ್ಡಿನ ಕೋಶಗಳನ್ನು ದೂಡುತ್ತದೆ. ದೂಡಿಸಿಕೊಂಡ ಕೋಶ ಅಯೋಡಿನ್ ಹೀರುತ್ತದೆ. ಆಗ ಬಾಯಿಯಿಂದ ಕೊಟ್ಟ ವಿಕಿರಣ ಅಯೋಡಿನ್ ಅದರೊಳಗೆ ಹೋಗಿ ಕೂರುತ್ತದೆ, ಕ್ಯಾಮರಾದಲ್ಲಿ ಕಾಣುತ್ತದೆ.

ಮಾತ್ರೆ ತಿನ್ನುತ್ತಿರುವಷ್ಟು ದಿನ ಗವರ್ನರ್ ಸುಮ್ಮನಿರುತ್ತದೆ. ಕ್ಯಾನ್ಸರ್ ಆದವರಲ್ಲಿ ಹಲವರಿಗೆ ಟಿಎಸ್ಎಚ್ ತಗ್ಗಿರಲಿ ಎಂದೇ ಮಾತ್ರೆಯ ಪ್ರಮಾಣವನ್ನು ಸ್ವಲ್ಪ ಹೆಚ್ಚಿಗೆ ಇಟ್ಟಿರುತ್ತಾರೆ. ಸಾಮಾನ್ಯ ಜನರಲ್ಲಿ ಟಿಎಸ್ಎಚ್ ಸುಮಾರು 0.4ರಿಂದ 4ರ ಒಳಗೆ ಇರುತ್ತದೆ. ಸ್ಕ್ಯಾನಿಗೆ ಅದು 30 ದಾಟಬೇಕು ಎಂದು ಡಾಕ್ಟರುಗಳು ನೋಡುತ್ತಾರೆ. ಅಲ್ಲಿಗೆ ಏರಿಸಲು ದೇಹದಲ್ಲಿ ಹಾರ್ಮೋನು ಬತ್ತಬೇಕು. ಅಂದರೆ ಔಷಧಿಯಿಂದ ದೂರ ಇಟ್ಟ ರೋಗವನ್ನು ಬೇಕೆಂದೇ ಕೆಲವು ವಾರ ದೇಹಕ್ಕೆ ಬರಿಸುವುದು. ಈ ಒಂದು ವಾಕ್ಯವನ್ನು ಮನೆಯ ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಬೇಕು.

ಅದು ಹೇಗೆ ಬತ್ತುತ್ತದೆ ಎಂಬುದೂ ಮುಖ್ಯ. ನಾವು ತಿನ್ನುವ ಲಿವೋಥೈರಾಕ್ಸಿನ್ ಮಾತ್ರೆಯ ಹಾರ್ಮೋನು ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಟ್ಯಾಂಕಿನಲ್ಲಿ 100 ಲೀಟರ್ ಇತ್ತು ಎಂದಿಟ್ಟುಕೊಳ್ಳಿ. ಒಂದು ವಾರಕ್ಕೆ 50, ಎರಡು ವಾರಕ್ಕೆ 25, ಮೂರಕ್ಕೆ 12, ನಾಲ್ಕಕ್ಕೆ 6. ಮೊದಲ ವಾರ ಮನೆಯಲ್ಲಿ ಯಾರಿಗೂ ಏನೂ ಗೊತ್ತಾಗದೇ ಇರುವುದು ಇದರಿಂದಲೇ. "ನೋಡಿ, ಏನೂ ಆಗಲಿಲ್ಲ, ಸುಮ್ಮನೆ ಹೆದರಿಸುತ್ತಾರೆ" ಎಂಬ ಮಾತು ಹುಟ್ಟುವುದು ಆ ವಾರ. ಸಹಾಯಕ್ಕೆ ಬಂದ ಮಗಳು ಗಂಡನ ಮನೆಗೆ ವಾಪಸು ಹೋಗುವುದೂ ಆ ವಾರವೇ. ನಿಜವಾಗಿ ಜನ ಬೇಕಾಗುವುದು ಮೂರನೆಯ ವಾರದಿಂದ.

ನಮ್ಮ ಮನೆಯಲ್ಲೂ ಲೆಕ್ಕ ಹೀಗೆಯೇ ನಡೆಯಿತು. ಮೊದಲ ವಾರ ಉಮ್ಮ ಎಂದಿನಂತೆಯೇ ಇದ್ದರು. ಎರಡನೆಯ ವಾರ ಮಂಜೇಶ್ವರದ ಏಪ್ರಿಲ್ ಸೆಕೆಯಲ್ಲಿ ಶಾಲು ಹೊದ್ದು ಕುಳಿತರು, ಫ್ಯಾನ್ ಹಾಕಲು ಬಿಡಲಿಲ್ಲ. ಮೂರನೆಯ ವಾರ ಮುಖ ಬಾತುಕೊಂಡಿತು, ಸ್ವರ ದಪ್ಪಗಾಯಿತು. ದುಬೈಯಿಂದ ಫೋನ್ ಮಾಡಿದ ನನ್ನ ಅಣ್ಣ ಉಮ್ಮ ಅಳುತ್ತಿದ್ದಾರೆ ಎಂದು ತಿಳಿದು ಗಾಬರಿಯಾದ. ನಾಲ್ಕನೆಯ ವಾರ ಅರ್ಧ ಹೆಚ್ಚಿದ ನೀರುಳ್ಳಿಯ ಮುಂದೆ ಹತ್ತು ನಿಮಿಷ ಸುಮ್ಮನೆ ಕುಳಿತಿದ್ದರು. ಮುಂದೆ ಏನು ಮಾಡಬೇಕೆಂದು ನೆನಪಾಗುತ್ತಿಲ್ಲ ಎಂದರು. ನಲವತ್ತು ವರ್ಷ ದಿನಾ ಮಾಡಿದ ಕೆಲಸ ಅದು. ನಮಾಝಿನಲ್ಲಿ ಎಷ್ಟು ರಕಅತ್ ಆಯಿತೆಂದು ತಪ್ಪುತ್ತದೆ ಎಂಬುದೇ ಅವರಿಗೆ ಎಲ್ಲಕ್ಕಿಂತ ದೊಡ್ಡ ದುಃಖವಾಗಿತ್ತು.

ಸುಸ್ತು, ಚಳಿ, ಮಲಬದ್ಧತೆ, ಮೈ ಭಾರ, ಸ್ನಾಯು ಹಿಡಿತ, ಒಣ ಚರ್ಮ, ಮರೆವು, ಕಾರಣವಿಲ್ಲದ ಬೇಸರ ಇವೆಲ್ಲ ಹಾರ್ಮೋನು ಬತ್ತಿದಾಗ ಬರುವುವು. ಎಲ್ಲರಿಗೂ ಎಲ್ಲವೂ ಬರುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಹೆಚ್ಚು. ಆದರೆ ಇವುಗಳಿಗೆ ನಮ್ಮ ಮನೆಗಳಲ್ಲಿ ಬೇರೆ ಹೆಸರುಗಳಿವೆ. ಸುಸ್ತಿಗೆ ಸೋಮಾರಿತನ ಅನ್ನುತ್ತೇವೆ. ಮರೆವಿಗೆ ಅಲಕ್ಷ್ಯ ಅನ್ನುತ್ತೇವೆ. ಬೇಸರಕ್ಕೆ ಈಮಾನು ಕಡಿಮೆ ಎಂದು ಹೇಳುವವರೂ ಇದ್ದಾರೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಾದರೆ "ನಮ್ಮ ಕಾಲದಲ್ಲಿ ಹೆರಿಗೆಯ ಹಿಂದಿನ ದಿನದವರೆಗೆ ನೀರು ಸೇದಿದ್ದೇವೆ" ಎಂಬ ಮಾತನ್ನೂ ಕೇಳಬೇಕು. ನೀರು ಸೇದಿದ್ದು ನಿಜ ಇರಬಹುದು. ಆಗ ಅವರ ರಕ್ತದಲ್ಲಿ ಹಾರ್ಮೋನು ಇತ್ತು. ಈಕೆಯದ್ದನ್ನು ಡಾಕ್ಟರೇ ಬತ್ತಿಸಿದ್ದಾರೆ. ಎಣ್ಣೆ ಇಲ್ಲದ ಎಂಜಿನ್ನಿಗೆ ಬೈದರೆ ಅದು ಓಡುವುದಿಲ್ಲ.

ಇನ್ನು ಅಡುಗೆಮನೆ. ಸ್ಕ್ಯಾನಿಗೆ ಮೊದಲು ಒಂದೆರಡು ವಾರ ಅಯೋಡಿನ್ ಕಡಿಮೆ ಇರುವ ಆಹಾರ ತಿನ್ನಬೇಕು. ಉಳಿದಿರಬಹುದಾದ ಕೋಶಗಳು ಅಯೋಡಿನ್ನಿಗಾಗಿ ಹಸಿದಿರಬೇಕು, ಊಟದಲ್ಲೇ ಹೊಟ್ಟೆ ತುಂಬಿದರೆ ಸ್ಕ್ಯಾನಿನ ಅಯೋಡಿನನ್ನು ಅವು ಮುಟ್ಟುವುದಿಲ್ಲ. ನಾಲ್ಕು ವಾರ ಕಷ್ಟಪಟ್ಟು ಕೊನೆಗೆ ಸ್ಕ್ಯಾನ್ ಸರಿಯಾಗಿ ಕಾಣಲಿಲ್ಲ ಎಂದಾದರೆ ಆ ಕಷ್ಟವೆಲ್ಲ ನೀರಿನಲ್ಲಿ ಹೋಮ. ಉಮ್ಮನಿಗೆ ಆಸ್ಪತ್ರೆಯಲ್ಲಿ ಕೊಟ್ಟದ್ದು ಇಂಗ್ಲಿಷಿನಲ್ಲಿ ಅಚ್ಚು ಮಾಡಿದ ಒಂದು ಹಾಳೆ. ಅದರಲ್ಲಿ ತಿನ್ನಬಾರದ ಮೊದಲ ಪದಾರ್ಥ ಕೆಲ್ಪ್, ಎರಡನೆಯದು ಸುಶಿ. ಉಪ್ಪಳದಿಂದ ತಲಪಾಡಿಯವರೆಗೆ ಯಾವ ಅಡುಗೆಮನೆಯಲ್ಲಿ ಸುಶಿ ಇದೆ? ಬಂಗುಡೆ ಎಂದು ಅದರಲ್ಲಿ ಇರಲಿಲ್ಲ, ಬೂತಾಯಿ ಎಂದು ಇರಲಿಲ್ಲ. ಉಮ್ಮನಿಗೆ ಓದಲು ಬರುವುದು ಕನ್ನಡ ಮತ್ತು ಖುರ್‌ಆನಿನ ಅರಬಿ. ಆ ಹಾಳೆ ಅವರ ಕೈಯಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನಮ್ಮ ಊಟಕ್ಕೆ ಆ ಹಾಳೆಯನ್ನು ಇಳಿಸಿದರೆ ಹೀಗಾಗುತ್ತದೆ. ಸಮುದ್ರದ ಮೀನು ಯಾವುದೂ ಬೇಡ, ಸಿಗಡಿ, ಏಡಿ, ಮರುವಾಯಿ, ಒಣಮೀನು ಬೇಡ. ಮೀನು ಬಿಟ್ಟು ಅದರ ಗಸಿಯನ್ನು ಮಾತ್ರ ಅನ್ನಕ್ಕೆ ಹಾಕಿಕೊಳ್ಳುವುದೂ ಬೇಡ. ಹಾಲು, ಮೊಸರು, ತುಪ್ಪ, ಮೊಟ್ಟೆಯ ಹಳದಿ ಬೇಡ. ಹಾಲಿನ ಚಾಯದ ಬದಲು ಕಟ್ಟಂಚಾಯ. ಬೇಕರಿಯ ರಸ್ಕು, ಬನ್ನು, ಚಿಪ್ಸು, ಪ್ಯಾಕೆಟ್ಟಿನ ಮಸಾಲೆ, ಅಂಗಡಿಯ ಉಪ್ಪಿನಕಾಯಿ ಬೇಡ, ಯಾಕೆಂದರೆ ಅದರಲ್ಲಿ ಯಾವ ಉಪ್ಪು ಹಾಕಿದ್ದಾರೆಂದು ತಿಳಿಯುವುದಿಲ್ಲ. ಸೋಯಾ ಬೇಡ. ಮನೆಯಲ್ಲಿ ಮಾಡಿದ ಪತ್ತಿರ್, ತೆಂಗಿನ ಹಾಲು, ತರಕಾರಿ, ಬೇಳೆ, ಹಣ್ಣು, ಮೊಟ್ಟೆಯ ಬಿಳಿ, ಮಿತವಾಗಿ ಅನ್ನ ಮತ್ತು ತಾಜಾ ಕೋಳಿ ಅಥವಾ ಆಡಿನ ಮಾಂಸ ಆಗುತ್ತದೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಪಟ್ಟಿಯಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ, ಕೊನೆಯ ಮಾತು ನಿಮ್ಮ ಡಾಕ್ಟರದ್ದು. ಗಾಯಕ್ಕೆ ಹಚ್ಚುವ, ಬಾಯಿ ಮುಕ್ಕಳಿಸುವ ಪೊವಿಡೋನ್ ಅಯೋಡಿನ್ ಸಹ ಅಯೋಡಿನ್ನೇ. ಇತ್ತೀಚೆಗೆ ಬಣ್ಣದ ಇಂಜೆಕ್ಷನ್ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿದ್ದರೆ ಅದನ್ನು ಮೊದಲೇ ಹೇಳಬೇಕು, ಅದರ ಅಯೋಡಿನ್ ದೇಹದಿಂದ ಹೋಗಲು ವಾರಗಟ್ಟಲೆ ಕಾಯಬೇಕಾಗುತ್ತದೆ.

ಉಪ್ಪಿನ ವಿಷಯವನ್ನು ಅಂಗಡಿಯವನ ಮಗನಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಳಗಂಡ ರೋಗ ತಡೆಯಲು ಸರಕಾರ 1962ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿತು, ಉಪ್ಪಿಗೆ ಅಯೋಡಿನ್ ಸೇರಿಸುವುದು ಅದರ ಮುಖ್ಯ ಕೆಲಸ. ಮನುಷ್ಯರು ತಿನ್ನಲು ಅಯೋಡಿನ್ ಇಲ್ಲದ ಉಪ್ಪನ್ನು ಮಾರಬಾರದು ಎಂಬ ನಿಯಮ 2006ರ ಮೇ 17ರಿಂದ ದೇಶವಿಡೀ ಇದೆ. ಊರಿಗೆ ಅದು ಒಳ್ಳೆಯದೇ. ಆದರೆ ಈ ಎರಡು ವಾರಕ್ಕೆ ಅದೇ ನಮಗೆ ಅಡ್ಡ. ಕಪಾಟಿನಲ್ಲಿರುವ ಪುಡಿ ಉಪ್ಪು ಅಯೋಡಿನ್ನಿನದ್ದು. ಕಲ್ಲುಪ್ಪಿನ ಪ್ಯಾಕೆಟ್ಟೂ ಸಾಮಾನ್ಯವಾಗಿ ಹಾಗೆಯೇ. "ಸೈಂಧವ ಲವಣ ತನ್ನಿ, ಅದು ಶುದ್ಧ" ಎನ್ನುತ್ತಾರೆ, ಆದರೆ ಅದಕ್ಕೂ ಅಯೋಡಿನ್ ಬೆರೆಸಿ ಮಾರುವವರಿದ್ದಾರೆ. ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರ ಓದಬೇಕು. ಮೀನು ಹಾಕಿಡುವ ಉಪ್ಪನ್ನೂ ದನಕ್ಕೆ ಹಾಕುವ ಉಪ್ಪನ್ನೂ ರೋಗಿಗೆ ಹಾಕಬೇಡಿ. ಅಯೋಡಿನ್ ಇಲ್ಲದ ಉಪ್ಪು ಎಲ್ಲಿ ಸಿಗುತ್ತದೆ ಎಂದು ಸ್ಕ್ಯಾನ್ ಮಾಡುವ ವಿಭಾಗದಲ್ಲೇ ಕೇಳಿ. ಸಿಗುವುದಿಲ್ಲ ಎಂದು ಉಪ್ಪನ್ನೇ ಪೂರ್ತಿ ಬಿಡಿಸುವ ಮೊದಲೂ ಡಾಕ್ಟರಿಗೆ ಹೇಳಿ. ಹಾರ್ಮೋನು ಇಳಿದಾಗ, ಮುಖ್ಯವಾಗಿ ವಯಸ್ಸಾದವರಲ್ಲಿ, ರಕ್ತದ ಸೋಡಿಯಂ ಸಹ ಇಳಿಯಬಹುದು.

ಈಗ ನೋಡಿ, ಈ ಪಟ್ಟಿಯನ್ನು ನಡೆಸಬೇಕಾದವರು ಯಾರು? ನಮ್ಮ ಮನೆಗಳಲ್ಲಿ ಅಡುಗೆ ಮಾಡುವವಳೇ ರೋಗಿ. ನೀರುಳ್ಳಿ ಹೆಚ್ಚುವುದು ಹೇಗೆಂದು ಮರೆತು ಕುಳಿತವಳು ತನಗೊಂದು ಪಾತ್ರೆ, ಮನೆಯವರಿಗೊಂದು ಪಾತ್ರೆ ಮಾಡಬೇಕು, ಎರಡು ಉಪ್ಪಿನ ಡಬ್ಬಿ ನೆನಪಿಟ್ಟುಕೊಳ್ಳಬೇಕು, ಎಲ್ಲರಿಗೂ ಮೀನು ಹುರಿದು ಬಡಿಸಿ ತಾನು ತೊವ್ವೆ ಅನ್ನ ತಿನ್ನಬೇಕು. ಇದು ನ್ಯಾಯವಲ್ಲ. ಇಷ್ಟು ಕಷ್ಟಪಟ್ಟು ಮಾಡುವ ಸ್ಕ್ಯಾನು ಕೆಡುವುದಕ್ಕೂ ಇದೇ ದಾರಿ. ಎರಡು ವಾರ ಇಡೀ ಮನೆ ಒಂದೇ ಊಟ ಮಾಡಲಿ. ಎರಡು ವಾರ ಮೀನು ಇಲ್ಲದೆ ಇದ್ದರೆ ಯಾವ ಬ್ಯಾರಿಯೂ ಬಡವಾಗುವುದಿಲ್ಲ. ಇನ್ನೂರು ಜನರ ನಿಕಾಹಿಗೆ ರಾತ್ರಿ ಕೂತು ಕೋಳಿ ಕೊಯ್ದು, ಬಿರಿಯಾನಿಯ ಚೆಂಬು ಇಳಿಸುವ ಗಂಡಸರು ನಾವು. ಐದು ಜನರ ಮನೆಗೆ ಗಂಜಿ, ಪಲ್ಯ ಮಾಡಲು ನಮಗೆ ಗೊತ್ತಿಲ್ಲ ಎಂದರೆ ಯಾರು ನಂಬುತ್ತಾರೆ?

"ಮನೆಯಲ್ಲಿ ಜನ ಇಲ್ಲ, ಮಗ ಗಲ್ಫಿನಲ್ಲಿ, ಗಂಡ ಅಂಗಡಿಯಲ್ಲಿ" ಎಂಬ ಉತ್ತರ ನನಗೆ ಗೊತ್ತು. ನನ್ನ ಉಪ್ಪನದ್ದೂ ಅಂಗಡಿಯೇ. ಕೊನೆಯ ಎರಡು ವಾರ ಅವರು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿದರು. ಕೆಲವು ಗಿರಾಕಿಗಳು ಬೇರೆ ಅಂಗಡಿಗೆ ಹೋದರು. ಆಮೇಲೆ ಹೆಚ್ಚಿನವರು ಮರಳಿ ಬಂದರು, ಬಾರದವರ ಲೆಕ್ಕವನ್ನು ಉಪ್ಪ ಇಟ್ಟಿಲ್ಲ. ರಜೆ ಇರುವ ಮಗ ಆಪರೇಷನ್ನಿಗೆ ಬರುವ ಬದಲು ಈ ವಾರಗಳಿಗೆ ಬರಬಹುದು. ಮಗಳು ಮೊದಲ ವಾರದ ಬದಲು ಮೂರನೆಯ ವಾರ ಬರಬಹುದು. ಯಾರು ಅಡುಗೆ, ಯಾರು ಬಟ್ಟೆ, ಯಾರು ಮಕ್ಕಳ ಶಾಲೆ, ಯಾರು ಫೋನಿಗೆ ಉತ್ತರ ಕೊಡುವುದು ಎಂದು ಕಾಗದದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮಾತ್ರೆ ನಿಲ್ಲಿಸುವ ಮೊದಲೇ ಅಂಟಿಸಿ, ಯಾಕೆಂದರೆ ಮೂರನೆಯ ವಾರ "ನನಗೆ ಇದು ಬೇಕು" ಎಂದು ಕೇಳುವ ಶಕ್ತಿಯೂ ಆಕೆಗೆ ಇರುವುದಿಲ್ಲ. ಸ್ಕೂಟರ್ ಓಡಿಸುವ ಹೆಂಗಸಾದರೆ ಕೊನೆಯ ವಾರಗಳಲ್ಲಿ ಕೀ ಬೇರೆಯವರ ಕೈಯಲ್ಲಿರಲಿ, ಬ್ರೇಕ್ ಹಾಕುವ ಕಾಲು ತಡವಾಗುತ್ತದೆ. ಜಾಗದ ಕಾಗದ, ಬ್ಯಾಂಕು, ಮಗಳ ಸಂಬಂಧ ಇಂಥ ದೊಡ್ಡ ತೀರ್ಮಾನಗಳನ್ನು ಆ ವಾರಗಳಲ್ಲಿ ಆಕೆಯ ಮುಂದೆ ಇಡಬೇಡಿ.

ಇದಕ್ಕೆಲ್ಲ ಅಡ್ಡಿಯಾಗುವುದು ಒಂದೇ, ನಮ್ಮ ಮುಚ್ಚಿಡುವ ಅಭ್ಯಾಸ. ಕ್ಯಾನ್ಸರ್ ಎಂಬ ಮಾತನ್ನು ನಾವು ಆಡುವುದಿಲ್ಲ, "ಗಂಟಲಿನ ತೊಂದರೆ" ಅನ್ನುತ್ತೇವೆ. ಮದುವೆಗೆ ಇರುವ ಹೆಣ್ಣುಮಕ್ಕಳಿದ್ದಾರೆ ಎಂಬ ಹೆದರಿಕೆ. ಹೆದರಿಕೆಯನ್ನು ನಾನು ತಮಾಷೆ ಮಾಡುವುದಿಲ್ಲ, ಮಾತು ಆಡುವ ಊರು ನಮ್ಮದೂ ಹೌದು. ಆದರೆ ಥೈರಾಯ್ಡ್ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕಾಣುವ ಪ್ಯಾಪಿಲರಿ ಎಂಬ ಬಗೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ, ಬಹುಪಾಲು ಅದು ವಂಶದಿಂದ ಇಳಿದು ಬರುವುದೂ ಅಲ್ಲ. ಊರಿಗೆ ಡಂಗುರ ಸಾರಬೇಕೆಂದು ನಾನು ಹೇಳುತ್ತಿಲ್ಲ. ಒಂದೇ ಸೂರಿನ ಕೆಳಗೆ ಇರುವವರಿಗೆ ಹೇಳಬೇಕು. ಅತ್ತೆಗೆ, ನಾದಿನಿಗೆ, ಹತ್ತು ವರ್ಷ ದಾಟಿದ ಮಕ್ಕಳಿಗೆ ಹೇಳಬೇಕು. ಮುಚ್ಚಿಟ್ಟ ಮನೆಯಲ್ಲಿ ಏನಾಗುತ್ತದೆ ಎಂದರೆ, ವಿಷಯ ಗೊತ್ತಿಲ್ಲದ ಯಾರಾದರೂ ಪ್ರೀತಿಯಿಂದ ಒಂದು ತಟ್ಟೆ ಮೀನು ಕರಿ ತಂದುಕೊಡುತ್ತಾರೆ. ರೋಗಿ ಬೇಡ ಎನ್ನಲಾರದೆ ತಿನ್ನುತ್ತಾಳೆ.

ಇನ್ನೊಂದು ಮಾತು ನಮ್ಮ ಜಮಾಅತ್ ಕಮಿಟಿಗಳಿಗೆ, ಗಲ್ಫಿನ ವಾಟ್ಸಾಪ್ ಗುಂಪುಗಳಿಗೆ. ಆಪರೇಷನ್ನಿಗೆ ಹಣ ಒಟ್ಟು ಮಾಡುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಬಿಲ್ಲಿನ ಫೋಟೋ ಹಾಕಿದರೆ ಸಂಜೆಗೆ ಹಣ ಆಗುತ್ತದೆ. ಆದರೆ ಒಬ್ಬ ಹೆಂಗಸು ಒಂದು ತಿಂಗಳು ಕೆಲಸ ಮಾಡಲಾರಳು ಎಂಬುದಕ್ಕೆ ಬಿಲ್ ಇಲ್ಲ. ಬೀಡಿ ಕಟ್ಟಿ, ಬಟ್ಟೆ ಹೊಲಿದು ಮನೆ ನಡೆಸುವವಳಾದರೆ ಆ ತಿಂಗಳ ಸಂಪಾದನೆಯೂ ಇಲ್ಲ. ಅಡುಗೆಗೆ ಒಬ್ಬಳು ಹೆಂಗಸಿನ ಒಂದು ತಿಂಗಳ ಸಂಬಳ, ಮನೆಯ ರೇಷನ್, ಮಂಗಳೂರಿಗೋ ತಲಶ್ಶೇರಿಗೋ ಹೋಗಿ ಬರುವ ಕಾರಿನ ಬಾಡಿಗೆ, ಇವನ್ನೂ ಚಿಕಿತ್ಸೆಯ ಖರ್ಚೆಂದು ಲೆಕ್ಕ ಹಿಡಿಯಬೇಕು. ಮಾತ್ರೆ ನಿಲ್ಲಿಸದೆಯೇ ಟಿಎಸ್ಎಚ್ ಏರಿಸುವ ಥೈರೊಟ್ರೋಪಿನ್ ಆಲ್ಫಾ ಎಂಬ ಇಂಜೆಕ್ಷನ್ ಸಹ ಇದೆ, ಎರಡು ದಿನ ಒಂದೊಂದು ಕೊಡುತ್ತಾರೆ. ಅಮೆರಿಕದಲ್ಲಿ ಇದಕ್ಕೆ 1998ರಲ್ಲೇ ಅನುಮತಿ ಸಿಕ್ಕಿದೆ. ಬೆಲೆ ಬಹಳ, ಎಲ್ಲರಿಗೂ ಹೊಂದುವುದೂ ಇಲ್ಲ. ಆದರೆ ಹೃದಯದ ತೊಂದರೆ ಇರುವವರು, ತೀರಾ ವಯಸ್ಸಾದವರು, ಹಿಂದೆ ಮಾತ್ರೆ ನಿಲ್ಲಿಸಿ ಬಹಳ ಬಳಲಿದವರು ಡಾಕ್ಟರಲ್ಲಿ ಈ ದಾರಿಯ ಬಗ್ಗೆ ಕೇಳಲೇಬೇಕು. ಕೇಳಲು ದುಡ್ಡು ಬೇಕಾಗಿಲ್ಲ. ಕೆಲವು ಡಾಕ್ಟರುಗಳು ಮೊದಲ ಎರಡು ವಾರ ಬೇಗ ಬತ್ತುವ ಟಿ3 ಮಾತ್ರೆ ಕೊಟ್ಟು ಕಷ್ಟದ ದಿನಗಳನ್ನು ಕಡಿಮೆ ಮಾಡುವುದೂ ಇದೆ.

ಡಾಕ್ಟರಲ್ಲಿ ಕೇಳಬೇಕಾದ್ದು ಇನ್ನೂ ಇದೆ. ತಾರೀಕು ಗಟ್ಟಿಯೇ? ವಿಕಿರಣ ಅಯೋಡಿನ್ 8 ದಿನಕ್ಕೆ ಅರ್ಧಕ್ಕೆ ಇಳಿಯುವ ವಸ್ತು, ಆಸ್ಪತ್ರೆಯಲ್ಲಿ ತಂದು ರಾಶಿ ಹಾಕಿಡಲು ಆಗುವುದಿಲ್ಲ. ದೊಡ್ಡ ಪ್ರಮಾಣದ ಚಿಕಿತ್ಸೆಯಾದರೆ ಪ್ರತ್ಯೇಕ ಕೋಣೆ ಬೇಕು, ಅದಕ್ಕೂ ಸರದಿ. ತಾರೀಕು ಒಂದು ವಾರ ಮುಂದೆ ಹೋದರೆ ಆಸ್ಪತ್ರೆಗೆ ಅದು ಪುಸ್ತಕದ ಒಂದು ಸಾಲು, ಆ ಹೆಂಗಸಿಗೆ ಐದನೆಯ ವಾರ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದ್ದನ್ನು ನಾವು ಮರೆತಿಲ್ಲ, ನಮ್ಮಲ್ಲಿ ಹಲವರ ಡಾಕ್ಟರುಗಳು ಗಡಿಯ ಆಚೆ. ಅಂದು ಬರಲಾಗದಿದ್ದರೆ ಮಾತ್ರೆ ಮತ್ತೆ ಶುರು ಮಾಡಬೇಕೋ ಬೇಡವೋ, ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಮೊದಲೇ ಬರೆಸಿಕೊಳ್ಳಿ. ಸಕ್ಕರೆ, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ, ನಿದ್ರೆ ಮಾತ್ರೆ ಇದ್ದರೆ ಆ ವಾರಗಳಲ್ಲಿ ಪ್ರಮಾಣ ಬದಲಾಗಬೇಕೇ ಎಂದು ಕೇಳಿ. ಬಸಿರಿನ ಸಂಶಯ ಇದ್ದರೆ, ಮಗು ಹಾಲು ಕುಡಿಯುತ್ತಿದ್ದರೆ ನಾಚಿಕೆ ಬಿಟ್ಟು ಹೇಳಿ. ಗರ್ಭಿಣಿಗೆ ಈ ಅಯೋಡಿನ್ ಕೊಡಲೇಬಾರದು, ಮೊಲೆಹಾಲನ್ನು ವಾರಗಳ ಮೊದಲೇ ನಿಲ್ಲಿಸಬೇಕಾಗುತ್ತದೆ. ಇದನ್ನೆಲ್ಲ ರೋಗಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಿ ಎಂದು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಕಾಸರಗೋಡಿನ ರೋಗಿಗಳು ದಿನಾ ಹೋಗುವ ಆಸ್ಪತ್ರೆಗಳಿಗೆ ಕನ್ನಡ, ಮಲಯಾಳ ಎರಡರಲ್ಲೂ ಒಂದು ಹಾಳೆ ಅಚ್ಚು ಮಾಡುವುದು ದೊಡ್ಡ ಖರ್ಚಲ್ಲ.

ಮನೆಯವರು ಕಾಯದೆ ಆಸ್ಪತ್ರೆಗೆ ಓಡಬೇಕಾದ ಗುರುತುಗಳೂ ಇವೆ. ಎಬ್ಬಿಸಿದರೂ ಏಳದಷ್ಟು ನಿದ್ರೆ, ಮಾತು ಗಲಿಬಿಲಿ, ಉಸಿರು ನಿಧಾನ, ಮೈ ತಣ್ಣಗೆ, ಎದೆನೋವು, ಜೀವನವೇ ಬೇಡ ಎಂಬ ಮಾತು. ಇವು ಕಂಡರೆ ಸ್ಕ್ಯಾನಿನ ತಾರೀಕು ನೋಡಬೇಡಿ, ರೋಗಿಯನ್ನು ನೋಡಿ.

ಸ್ಕ್ಯಾನ್ ಮುಗಿಯಿತು, ಮಾತ್ರೆ ಶುರುವಾಯಿತು ಎಂದರೆ ಮರುದಿನವೇ ಆಕೆ ಮೊದಲಿನಂತೆ ಆಗುವುದಿಲ್ಲ. ಟ್ಯಾಂಕು ಖಾಲಿಯಾದ ಹಾಗೆಯೇ ತುಂಬುವುದೂ ನಿಧಾನ, ಪೂರ್ತಿ ಸರಿಯಾಗಲು ಐದಾರು ವಾರ ಹಿಡಿಯಬಹುದು. ಫ್ರಿಜ್ಜಿನ ಮೇಲಿನ ಕಾಗದವನ್ನು ಸ್ಕ್ಯಾನಿನ ಸಂಜೆ ಕೀಳಬೇಡಿ. ಅಯೋಡಿನ್ ಕೊಟ್ಟ ಮೇಲೆ ಎಷ್ಟು ದಿನ ಮಕ್ಕಳಿಂದ, ಬಸಿರಿಯರಿಂದ ದೂರ ಇರಬೇಕು ಎಂದು ಪ್ರಮಾಣ ನೋಡಿ ಆಸ್ಪತ್ರೆಯವರು ಹೇಳುತ್ತಾರೆ. ಮೊಮ್ಮಗುವನ್ನು ಎತ್ತಿಕೊಳ್ಳದ ಆ ದಿನಗಳಲ್ಲಿ ಆಕೆಯನ್ನು ಒಂಟಿ ಮಾಡಬೇಡಿ, ಬಾಗಿಲಿನ ಆಚೆ ಕುರ್ಚಿ ಹಾಕಿ ಕೂತು ಮಾತಾಡಬಹುದು. ಆ ವಾರಗಳಲ್ಲಿ ನೋಂಬು ಬಂದರೆ, ರೋಗಿಗೆ ವಿನಾಯಿತಿ ಇದೆ ಎಂದು ನಮ್ಮ ಉಸ್ತಾದರೇ ಹೇಳುತ್ತಾರೆ, ಬಿಟ್ಟದ್ದನ್ನು ಆಮೇಲೆ ಹಿಡಿಯಬಹುದು. ಮಾತ್ರೆ ಮತ್ತೆ ಶುರುವಾದ ಮೇಲೆ ನೋಂಬಿನ ದಿನಗಳಲ್ಲಿ ಅದನ್ನು ಅತ್ತಾಳಕ್ಕೆ ಮೊದಲು ಖಾಲಿ ಹೊಟ್ಟೆಯಲ್ಲಿ ತಿನ್ನಬೇಕೋ, ರಾತ್ರಿ ಊಟವಾಗಿ ಮೂರು ನಾಲ್ಕು ಗಂಟೆಯ ಮೇಲೋ ಎಂದು ಡಾಕ್ಟರಲ್ಲಿ ಕೇಳಿಕೊಳ್ಳಿ.

ಹೆಂಗಸಿನ ಕಷ್ಟಕ್ಕೆ ನಮ್ಮಲ್ಲಿ ಒಂದು ದೊಡ್ಡ ಹೊಗಳಿಕೆ ಇದೆ, "ಸಬ್ರ್ ಇರುವ ಹೆಂಗಸು." ಸಬ್ರ್ ಒಳ್ಳೆಯ ಗುಣವೇ. ಆದರೆ ಒಬ್ಬಳು ಸಬ್ರ್ ಮಾಡಲಿ ಎಂದು ಉಳಿದ ಐದು ಜನ ಸುಮ್ಮನೆ ಕೂರುವುದು ದೀನೂ ಅಲ್ಲ, ಮರ್ಯಾದೆಯೂ ಅಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಸ್ಕ್ಯಾನಿನ ಚೀಟಿ ಸಿಕ್ಕಿದ್ದರೆ ಇವತ್ತು ರಾತ್ರಿ ಊಟವಾದ ಮೇಲೆ ಎಲ್ಲರನ್ನೂ ಕೂರಿಸಿ. ಕ್ಯಾಲೆಂಡರಿನಲ್ಲಿ ಮಾತ್ರೆ ನಿಲ್ಲುವ ದಿನಕ್ಕೆ ಒಂದು ಗುರುತು ಹಾಕಿ, ಮೂರನೆಯ ವಾರಕ್ಕೆ ದೊಡ್ಡ ಗುರುತು ಹಾಕಿ. ಆಮೇಲೆ ಯಾರು ಅಡುಗೆ ಮಾಡುವುದು ಎಂದು ಕೇಳಿ, ಮೊದಲು ಗಂಡಸರಲ್ಲಿ ಕೇಳಿ.